ಮೂರು ಮೆಣಸಿನಕಾಯಿಯ ಘಾಟು

ಬೆಳಗೋಡು
11 ಫೆಬ್ರವರಿ 2025, ಮಂಗಳವಾರ

ಗಗನಾ,

ಪ್ರತಿ ಸಲ ನಿನ್ನ ಹೆಸರಿನ ಹಿಂದೆ ಚಿರಂಜೀವಿ ಅಂತ, ಮುಂದೆ ನನ್ನ ಬಂಗಾರ ಅಂತ ಬರೆದು ಶುರು ಮಾಡುತ್ತಿದ್ದೆ. ಈ ಸಲ ಬರೀ ಹೆಸರು. ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟಿದ್ದೇನೆ. ಅಲ್ಲಿಯವರೆಗೆ ಓದುವ ಧೈರ್ಯವಿದ್ದರೆ ಬಂದು ತಗೋ.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ನನ್ನ ಗಂಟಲು ನಿನಗೆ ಗೊತ್ತು. ಮೈಕಿಲ್ಲದೆ ಮೂರು ಊರಿಗೆ ಕೇಳುವ ಹಾಗೆ ರಾಕ್ಷಸನ ಪಾತ್ರ ಮಾಡಿದ ಗಂಟಲು. ನಾನು ಎರಡು ಮಾತು ಎತ್ತುವಷ್ಟರಲ್ಲಿ ನಿನ್ನಜ್ಜಿ ಭದ್ರಮ್ಮ ಫೋನು ಕಿತ್ತುಕೊಂಡು, ಊಟ ಮಾಡಿದೆಯಾ ಕಂದ, ಅಲ್ಲಿ ಚಳಿ ಹೇಗಿದೆ ಅಂತ ಕೇಳಿಬಿಡುತ್ತಾಳೆ. ನನ್ನ ಸಿಟ್ಟು ಅವಳ ಚಳಿಯಲ್ಲಿ ಆರಿಹೋಗುತ್ತದೆ. ಅದು ಆರಬಾರದು. ಅದಕ್ಕೇ ಕಾಗದ.

ನಿನ್ನ ಜನವರಿ ಇಪ್ಪತ್ತನೇ ತಾರೀಕಿನ ಕಾಗದ ಮೊನ್ನೆ ಶುಕ್ರವಾರ ಬಂತು. ಲಕೋಟೆ ಒಡೆಯಲಿಲ್ಲ. ನಿನ್ನ ಕಾಗದ ಭಾನುವಾರ ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ, ಜನದ ಮುಂದೆಯೇ ಒಡೆಯುವುದು ಅಂತ ನಮ್ಮಲ್ಲಿ ಕಟ್ಟಳೆ ಆಗಿದೆಯಲ್ಲ. ನೀನು ಅಮೆರಿಕದ ಕಾಲೇಜಿನಿಂದ ಒಂದು ವರ್ಷ ಓದಲು ಇಂಗ್ಲೆಂಡಿಗೆ ಹೋದಾಗಿನಿಂದ ಹೀಗೇ ನಡೆದಿದೆ. ಒಂದು ಕಡೆ ಕಾಫಿ ತಿರುವುತ್ತಾರೆ, ಇನ್ನೊಂದು ಕಡೆ ನಾನು ಕಲ್ಲಿನ ಮೇಲೆ ನಿಂತು ಓದುತ್ತೇನೆ. ಓದುವುದೇನು, ಆಡಿ ತೋರಿಸುತ್ತೇನೆ! ನಿನ್ನ ಹಾಸ್ಟೆಲಿನಲ್ಲಿ ಆರು ಜನಕ್ಕೆ ಒಂದು ಅಡುಗೆಮನೆ, ಒಬ್ಬೊಬ್ಬರಿಗೆ ಫ್ರಿಜ್ಜಿನಲ್ಲಿ ಒಂದೊಂದು ಗೂಡು, ಹಾಲಿನ ಬಾಟಲಿಗೆ ಹೆಸರಿನ ಚೀಟಿ. ಆದರೂ ದಿನಾ ಒಂದು ಲೋಟ ಹಾಲು ಮಾಯ. ಹೊತ್ತು ನಾಲ್ಕಕ್ಕೇ ಮುಳುಗುತ್ತದೆ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬೇಕು. ವಾರಕ್ಕೆ ಎಂಟೇ ಗಂಟೆ ಪಾಠ, ಉಳಿದದ್ದೆಲ್ಲ ನೀವೇ ಓದಿಕೊಳ್ಳಿ ಅನ್ನುತ್ತಾರೆ. ಎದುರು ಸಿಕ್ಕವರು ಚೆನ್ನಾಗಿದ್ದೀಯಾ ಅಂತ ಕೇಳಿ, ನೀನು ಬಾಯಿ ತೆರೆಯುವಷ್ಟರಲ್ಲಿ ದಾಟಿ ಹೋಗಿರುತ್ತಾರೆ. ನೀನು ಮೊದಮೊದಲು ಅವರ ಹಿಂದೆ ಓಡಿ ಹೋಗಿ ಉತ್ತರ ಹೇಳುತ್ತಿದ್ದೆಯಂತೆ. ಅದನ್ನು ಓಡಿಯೇ ತೋರಿಸಿದೆ ನಾನು. ಪಕ್ಕದ ಮನೆ ಪಾರ್ವತಮ್ಮ ಕಾಫಿ ತಿರುವುವುದನ್ನೂ ಬಿಟ್ಟು ನಕ್ಕಿದ್ದಳು.

ಹುಟ್ಟಿದ್ದು ಅಮೆರಿಕದಲ್ಲಾದರೂ ನೀನು ಈ ಕಣಕ್ಕೆ ಹೊಸಬಳಲ್ಲ. ನಿನ್ನಮ್ಮ ಮಾನಸಾ ಅಲ್ಲಿನ ಆಸ್ಪತ್ರೆಯಲ್ಲಿ ಹಗಲು ರಾತ್ರಿ ನರ್ಸ್ ಕೆಲಸ ಮಾಡುವಾಗ ಎರಡು ವರ್ಷ ನಮ್ಮಲ್ಲೇ ಇದ್ದೆ. ಇಲ್ಲಿನ ಶಾಲೆಯಲ್ಲೇ ಅಕ್ಷರ ತಿದ್ದಿದೆ. ಇವರೆಲ್ಲ ನಿನ್ನ ಮೂಗು ಒರೆಸಿದವರು. ಅದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಈ ಭಾನುವಾರ ಕಾಗದ ಒಡೆದೆ. ಮೊದಲ ಹಾಳೆ ಅಮೋಘ. ಪರೀಕ್ಷೆಯ ಹಿಂದಿನ ದಿನ ನಿನಗೆ ಕೈಕಾಲು ನಡುಕ. ಅಜ್ಜಿಗೆ ಫೋನು ಮಾಡಿದೆ. ಅಜ್ಜಿಯ ಔಷಧಿ ಒಂದೇ: ಯಾರದೋ ಕಣ್ಣು ಬಿದ್ದಿದೆ, ದೃಷ್ಟಿ ತೆಗೆದುಕೋ. ಮೂರು ಒಣಮೆಣಸಿನಕಾಯಿ, ಒಂದು ಹಿಡಿ ಕಲ್ಲುಪ್ಪು, ಚಿಟಿಕೆ ಸಾಸಿವೆ. ತಲೆಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕು ಅಂದಳು. ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಕೆಂಡ ಎಲ್ಲಿಂದ ಬರಬೇಕು? ನೀನು ಕರೆಂಟಿನ ಒಲೆಯ ಮೇಲೆ ಬಾಣಲೆ ಇಟ್ಟೆ. ಹೊಗೆ ಬಂದರೆ ಸೂರಿನಲ್ಲಿರುವ ಯಂತ್ರ ಕೂಗಿಕೊಳ್ಳುತ್ತದೆ ಅಂತ ಅದರ ಬಾಯಿಗೆ ಒಂದು ಪ್ಲಾಸ್ಟಿಕ್ ಕವರು ಕಟ್ಟಿದೆ. ಆದರೆ ಹೊಗೆ ಬಾಗಿಲಿನ ಸಂದಿಯಿಂದ ಹೊರಗೆ ನುಗ್ಗಿತು, ಕಾರಿಡಾರಿನ ಯಂತ್ರ ಕೂಗಿಕೊಂಡಿತು. ಮುನ್ನೂರು ಜನ ಕೆಮ್ಮುತ್ತ, ಒಬ್ಬ ಟವೆಲಿನಲ್ಲಿ, ಒಬ್ಬಳು ತಲೆಗೆ ಸೋಪು ಮೆತ್ತಿಕೊಂಡು, ಮಂಜಿನಲ್ಲಿ ನಿಂತರು. ಬೆಂಕಿ ಆರಿಸುವ ಗಾಡಿ ಬಂತು. ಇಷ್ಟಾದ ಮೇಲೆ ನೀನು ಅಜ್ಜಿಗೆ ಫೋನು ಮಾಡಿದರೆ ಅವಳು ಕೇಳಿದ್ದು ಒಂದೇ ಮಾತು, ಘಾಟು ಬಂತಾ? ಇಡೀ ಕಟ್ಟಡ ಕೆಮ್ಮಿತು ಅಜ್ಜಿ ಅಂದೆ. ಹಂಗಾರೆ ದೃಷ್ಟೀನೇ ಆಗಿರ್ಲಿಲ್ಲ ಬಿಡು ಅಂದಳು. ದೃಷ್ಟಿ ಆಗಿದ್ದರೆ ಘಾಟೇ ಬರಬಾರದಲ್ಲ!

ಕಣ ಬಿದ್ದು ಬಿದ್ದು ನಕ್ಕಿತು. ನಿನ್ನ ಮಾವ ಲೋಹಿತ್ ಕಾಫಿ ಮೇಲೇ ಕೂತುಬಿಟ್ಟ. ನಾನು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಹಾಳೆ ತಿರುವಿದೆ. ಅದೇ ಏರು ದನಿಯಲ್ಲಿ ಓದಿದೆ: “ಮಜಾ ಏನು ಗೊತ್ತಾ ತಾತ, ಅವರು ಸೆಲ್ವೀನ ಹಿಡಿದರು.”

ದನಿ ಅಲ್ಲೇ ನಿಂತಿತು. ಕಣ್ಣು ಮಾತ್ರ ಮುಂದೆ ಓಡಿತು.

ಮಧುರೈ ಕಡೆಯ ಹುಡುಗಿ ಸೆಲ್ವಿ. ನಿನ್ನ ಪಕ್ಕದ ಕೋಣೆಯವಳು, ನಿನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು ಅಂತ ನೀನೇ ನವೆಂಬರಿನಲ್ಲಿ ಬರೆದಿದ್ದೆ. ನೀನು ಕಟ್ಟಿದ ಕವರು ಅವಳ ಅಕ್ಕಿಯದು, ಅದರ ಮೇಲೆ ತಮಿಳು ಅಕ್ಷರ. ಮೆಣಸಿನ ಘಾಟು, ತಮಿಳು ಕವರು, ಇನ್ನೇನು ಬೇಕು? ವಿಚಾರಣೆ ಮುಗಿಯಿತು! ಯಂತ್ರದ ಬಾಯಿ ಕಟ್ಟುವುದು ಅಲ್ಲಿ ದೊಡ್ಡ ಅಪರಾಧವಂತೆ. ಅವಳ ದಾಖಲೆಯಲ್ಲಿ ಕಪ್ಪು ಗುರುತು, ಫೆಬ್ರವರಿ ಕೊನೆಗೆ ಕೋಣೆ ಖಾಲಿ ಮಾಡಬೇಕು. ಮತ್ತೆ ವಿಚಾರಿಸಿ ಅಂತ ಕೇಳಲು ಫೆಬ್ರವರಿ ಇಪ್ಪತ್ತೊಂದರವರೆಗೆ ಮಾತ್ರ ಸಮಯ. ನಿನ್ನನ್ನೋ? ಪಾಪ, ಅಮೆರಿಕದ ಹುಡುಗಿ, ಹೆದರಿಬಿಟ್ಟಿದ್ದಾಳೆ ಅಂತ ವಾರ್ಡನ್ನಮ್ಮ ಕಂಬಳಿ ಹೊದಿಸಿದಳು. ನಾನು ಮಾತಾಡೋದು ಅಮೆರಿಕದವರ ಥರ ಅಲ್ವಾ, ಯಾರಿಗೂ ಅನುಮಾನವೇ ಬರಲಿಲ್ಲ ತಾತ ಅಂತ ಬರೆದಿದ್ದೀಯ. ಕೊನೆಗೆ ಪಾಪ ಅನಿಸಿ ಸೆಲ್ವಿಗೆ ಒಂದು ಡಬ್ಬಿ ಚಾಕೊಲೇಟು ಕೊಟ್ಟೆಯಂತೆ.

ಚಾಕೊಲೇಟು! ಎಲೆಲೆ, ಎಂಥ ದಾನಶೂರೆ!

ಹಾಲಿನ ಬಾಟಲಿಗೆ ಹೆಸರು ಬರೆದಿಡುವವಳು ನೀನು. ಒಂದು ಲೋಟ ಹಾಲು ಇನ್ನೊಬ್ಬರ ಪಾಲಾಗಬಾರದು ಅಂತ ಚೀಟಿ ಅಂಟಿಸುವವಳು, ನಿನ್ನ ತಪ್ಪು ಇನ್ನೊಬ್ಬಳ ಪಾಲಾಗುವಾಗ ಯಾಕೆ ಚೀಟಿ ಅಂಟಿಸಲಿಲ್ಲ? ನಮ್ಮ ಮನೆಯ ಮೆಣಸಿನಕಾಯಿ, ನಿನ್ನಜ್ಜಿ ಹೇಳಿದ ಶಾಸ್ತ್ರ, ನಿನ್ನ ತಲೆಗೆ ನಿವಾಳಿಸಿದ್ದು. ಅದರಲ್ಲಿ ಸೆಲ್ವಿಯದು ಏನಿತ್ತು, ಒಂದು ಖಾಲಿ ಕವರು ಬಿಟ್ಟು? ಈ ಊರಿಗೆ ಬಂದರೆ ನಾನೂ ಬೆಳಗೋಡಿನವಳೇ ಅಂತ ರೊಟ್ಟಿ ತಟ್ಟುತ್ತೀಯ, ಪಾರ್ವತಮ್ಮನ ಹತ್ತಿರ ಇಲ್ಲಿಯ ಮಾತೇ ಆಡುತ್ತೀಯ. ಅಲ್ಲಿ ಪೆಟ್ಟು ಬೀಳುವ ಹೊತ್ತಿಗೆ ಅಮೆರಿಕದವಳಾದೆ. ನಾನೂ ಬಣ್ಣ ಹಚ್ಚಿದವನೇ. ಆದರೆ ಪಾತ್ರ ಮುಗಿದ ಮೇಲೆ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದೆ. ನೀನು ಯಾವಾಗ ಒರೆಸುತ್ತೀಯ?

ನಿನ್ನಜ್ಜಿ ನಿನ್ನ ಪರ. ಚಿಕ್ಕ ಹುಡುಗಿ, ಹೆದರಿದ್ದಾಳೆ, ಕಳಿಸಿಬಿಟ್ಟರೆ ಓದು ಏನಾಗಬೇಕು ಅಂತಾಳೆ. ಸೆಲ್ವಿ ಏನು ಮುದುಕಿಯೇ? ಅವಳಿಗೆ ಓದಿಲ್ಲವೇ? ವೀಸಾ ಎಂಬ ಕತ್ತಿ ಅವಳ ತಲೆ ಮೇಲೆ ತೂಗುತ್ತಿದೆ ಅಂತ ನೀನೇ ಬರೆದಿದ್ದೀಯ, ಅದೂ ಒಂದು ಸ್ವಾರಸ್ಯ ಎಂಬಂತೆ. ಮಧುರೈಯಲ್ಲಿ ಅವಳಿಗೂ ಒಬ್ಬ ತಾತ ಇರಬಹುದು, ಅವನೂ ಕಾಗದಕ್ಕೆ ಕಾಯುತ್ತಿರಬಹುದು. ಅವನಿಗೆ ಯಾವ ಸುದ್ದಿ ಹೋಗಿರಬಹುದು, ಹೇಳು.

ಮಾಡದ ತಪ್ಪನ್ನು ಹೊತ್ತವರ ಮುಖ ನಾನು ಕಂಡಿದ್ದೇನೆ. ನಿನಗೆ ಗಿಡ್ಡಯ್ಯನ ಕಥೆ ಹೇಳಿಲ್ಲ. ನಮ್ಮ ನಾಟಕಕ್ಕೆ ಪಂಜು ಹಿಡಿಯುತ್ತಿದ್ದವನು. ನಲವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೊನೆಯ ತಾಲೀಮು. ರಾಕ್ಷಸ ರಂಗಕ್ಕೆ ಬರುವಾಗ ಪಂಜಿಗೆ ರಾಳದ ಪುಡಿ ಎರಚಬೇಕು, ಭಗ್ಗನೆ ಜ್ವಾಲೆ ಏಳಬೇಕು. ಅವತ್ತು ಪುಡಿ ಹೆಚ್ಚಾಗಿ ಬಿತ್ತು. ಚಪ್ಪರ ಹತ್ತಿಕೊಂಡಿತು, ಹಾಸನದಿಂದ ಬಾಡಿಗೆಗೆ ತಂದ ಪರದೆ, ಕಿರೀಟ, ಉಡುಪು ಎಲ್ಲ ಬೂದಿ. ಪಂಜು ಗಿಡ್ಡಯ್ಯನ ಕೈಯಲ್ಲಿತ್ತು. ಅವನು ನಮ್ಮಲ್ಲಿ ಕೂಲಿಗೆ ಬರುತ್ತಿದ್ದವನು. ಇನ್ನಾರನ್ನು ಕೇಳಬೇಕು? ಕುಡಿದು ಬಂದಿದ್ದ ಅಂದರು. ಅವನು ಆಯುಷ್ಯದಲ್ಲಿ ಕುಡಿದವನಲ್ಲ. ರಂಗದ ಹತ್ತಿರ ಕಾಲಿಡಬೇಡ ಅಂದರು, ಕೂಲಿಗೂ ಕರೆಯಲಿಲ್ಲ. ಹೆಂಡತಿಯ ಊರು ಕುಂದೂರಿಗೆ ಹೋಗಿಬಿಟ್ಟ. ಪುಡಿ ಎರಚಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಆ ವಿಷಯ ಈಗ ಬೇಡ. ನಾನು ಹೇಳುತ್ತಿರುವುದು ಅವನ ಮುಖದ ವಿಷಯ. ಬೆಂಕಿ ಆರಿದ ಮೇಲೆ ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ, ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ ಅಂತ. ಸೆಲ್ವಿಯೂ ಆ ಮಂಜಿನಲ್ಲಿ ಹಾಗೇ ನೋಡಿರುತ್ತಾಳೆ. ನೀನು ಕಂಬಳಿಯೊಳಗೆ ಮುಖ ಹುದುಗಿಸಿಕೊಂಡಿದ್ದೆ.

ಇನ್ನು ಕಣದಲ್ಲಿ ಆದದ್ದನ್ನು ಕೇಳು.

ನನ್ನ ದನಿ ನಿಂತಿದ್ದು ಎಲ್ಲರಿಗೂ ಗೊತ್ತಾಯಿತು. ನಗು ಇಳಿಯಿತು. ಪಾರ್ವತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು: “ಆಮೇಲೆ ನಮ್ಮ ಮಗ ಎದ್ದು ನಿಂತ್ಕಂಡು, ಅವಳಲ್ಲ ನಾನು ಅಂದಳು ಅಲ್ವಾ ಸುಬ್ಬಯ್ಯಣ್ಣ?”

ಅವಳಿಗೆ ಅನುಮಾನವೇ ಇರಲಿಲ್ಲ. ಕಥೆ ಮುಂದೆ ಹಾಗೆಯೇ ಹೋಗುತ್ತದೆ ಎಂದು ಗೊತ್ತಿದ್ದವಳ ಹಾಗೆ ಕೇಳಿದಳು. ಇಪ್ಪತ್ತು ಮುಖ ನನ್ನ ಕಡೆ. ನಿನ್ನ ಹಾಳೆ ನನ್ನ ಕೈಯಲ್ಲಿ.

ನಾನು ಹೂಂ ಅಂದೆ. ಬರೀ ಹೂಂ ಅಂದಿದ್ದರೆ ಬೇರೆ ಮಾತು. ಹಾಳೆ ನೋಡುತ್ತಲೇ ಕಟ್ಟಿ ಓದಿದೆ. ಕಂಬಳಿ ಕಿತ್ತೆಸೆದು ಮುನ್ನೂರು ಜನದ ನಡುವೆ ನಿಂತಳಂತೆ ನಮ್ಮ ಗಗನಾ, ನಿಲ್ಲಿಸಿ ನಿಮ್ಮ ವಿಚಾರಣೆ ಅಂದಳಂತೆ, ಆ ಕವರು ಕಟ್ಟಿದ ಕೈ ಇದು ಅಂತ ತನ್ನ ಕೈ ಎತ್ತಿ ತೋರಿಸಿದಳಂತೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾತು ಕಟ್ಟಿರಲಿಲ್ಲ ನಾನು. ಲೋಹಿತ್ ಚಪ್ಪಾಳೆ ಹೊಡೆದ. ಪಾರ್ವತಮ್ಮ ಅತ್ತಳು. ಸಂಜೆ ಮನೆಗೆ ಬಂದು, ನಮ್ಮೂರ ಅನ್ನ ತಿಂದ ಮಗ ಕಣಣ್ಣ ಅದು, ಅಂತ ನಿನಗೆ ಕಳಿಸಲು ಒಂದು ಡಬ್ಬಿ ಕೋಡುಬಳೆ ಕೊಟ್ಟು ಹೋಗಿದ್ದಾಳೆ. ಆ ಡಬ್ಬಿ ನನ್ನೆದುರೇ ಇದೆ. ಸೆಲ್ವಿಯ ಎದುರು ನಿನ್ನ ಚಾಕೊಲೇಟು ಡಬ್ಬಿ ಇರುವ ಹಾಗೆ.

ನನ್ನ ಕಲ್ಲಿನ ಮೇಲೆ, ನನ್ನ ಜನದ ಮುಂದೆ ನನ್ನ ಕೈಲಿ ಸುಳ್ಳು ಹೇಳಿಸಿದೆ ನೀನು! ಆ ಸಿಟ್ಟಿಗೆ ಎರಡು ದಿನದಿಂದ ಅನ್ನ ಇಳಿಯುತ್ತಿಲ್ಲ.

ಆದ್ದರಿಂದ ಅಪ್ಪಣೆ ಕೇಳು. ಇಪ್ಪತ್ತೊಂದನೇ ತಾರೀಕಿನೊಳಗೆ ನಿನ್ನ ಹಾಸ್ಟೆಲಿನ ಕಚೇರಿಗೆ ಹೋಗು. ಬಾಗಿಲಿನ ಸಂದಿಯಲ್ಲಿ ಚೀಟಿ ತೂರಿಸಿ ಬರಬೇಡ, ನಿಂತು ಹೇಳು. ಕೋಣೆ ಕಿತ್ತುಕೊಂಡರೆ ಕೊಟ್ಟುಬಿಡು. ವರ್ಷ ಹೋದರೆ ಹೋಗಲಿ, ನಿನ್ನಮ್ಮನ ಮುಂದೆ ನಿನ್ನ ಪರವಾಗಿ ನಾನು ನಿಲ್ಲುತ್ತೇನೆ. ಕಣದಲ್ಲಿ ನಾನು ಓದಿದ್ದನ್ನು ನಿಜ ಮಾಡು. ಅಲ್ಲಿಯವರೆಗೆ ಮಳೆ, ಪಾಠ, ಫ್ರಿಜ್ಜು ಅಂತ ಒಂದಕ್ಷರವನ್ನೂ ಬರೆಯಬೇಡ.

ಕೊನೆಯವರೆಗೆ ಓದಿದ್ದರೆ, ಇಗೋ ಆಶೀರ್ವಾದ. ಒಳ್ಳೆಯದಾಗಲಿ. ನಿನಗಿಂತ ಮೊದಲು ಸೆಲ್ವಿಗೆ ಆಗಲಿ.

ಇಂತಿ,
ನಿನ್ನ ತಾತ
ಸುಬ್ಬಯ್ಯ

ಮತ್ತೆ ಬರೆದದ್ದು, ಗುರುವಾರ: ಇದನ್ನು ಮಡಿಸಿ ಇಟ್ಟೆ. ಅಂಟಿಸಲು ಆಗಲಿಲ್ಲ. ನಿನ್ನೆ ಬಸ್ಸು ಹತ್ತಿ ಕುಂದೂರಿಗೆ ಹೋಗಿ ಬಂದೆ. ಗಿಡ್ಡಯ್ಯ ಜಗಲಿಯಲ್ಲಿ ಬಿದಿರು ಸೀಳುತ್ತಿದ್ದ. ಕೂರು ಅನ್ನಲಿಲ್ಲ. ನಾನು ನಿಂತೇ ಹೇಳಿದೆ: ಅವತ್ತು ಪಂಜಿಗೆ ರಾಳ ಎರಚಿದ್ದು ನಾನು. ಒಂದು ಹಿಡಿ ಸಾಕಾಗಿತ್ತು. ನನ್ನ ಪ್ರವೇಶ ಭರ್ಜರಿಯಾಗಿರಲಿ ಅಂತ ಮೂರು ಹಿಡಿ ಎರಚಿದೆ. ಅವನು ಕತ್ತಿ ಕೆಳಗಿಡಲಿಲ್ಲ. “ಇದನ್ನ ನಂಗೇಳಿ ಏನ್ ಬಂತು? ನನ್ ಕೈಲಿ ಪಂಜು ಮಾತ್ರ ಇತ್ತು ಅಂತ ನಂಗೊತ್ತಿಲ್ವಾ? ಅವತ್ತು ಅಷ್ಟು ಜನ ನಿಂತಿದ್ರಲ್ಲ, ಅವ್ರಿಗೇಳು” ಅಂದ. ಮತ್ತೆ ಬಿದಿರಿಗೆ ಕೈ ಹಾಕಿದ. ಅಷ್ಟೇ. ಆ ಜನದಲ್ಲಿ ಅರ್ಧ ಜನ ಈಗಿಲ್ಲ. ಉಳಿದವರು ಭಾನುವಾರ ಕಣಕ್ಕೆ ಬರುತ್ತಾರೆ. ನಿನ್ನ ಕಾಗದ ಬಂತಾ ಅಂತ ಕೇಳುತ್ತಾರೆ. ಈ ಸಲ ನನ್ನದನ್ನು ಓದುತ್ತೇನೆ, ಮೊದಲಿನಿಂದ ಈ ಸಾಲಿನವರೆಗೆ, ಏನೂ ಕಟ್ಟದೆ. ಕೋಡುಬಳೆ ಡಬ್ಬಿಯನ್ನು ಪಾರ್ವತಮ್ಮನಿಗೆ ಹಿಂದಕ್ಕೆ ಕೊಡುತ್ತೇನೆ. ಮೇಲೆ ನಿನಗೆ ಬರೆದ ಅಪ್ಪಣೆಯನ್ನು ಹೊಡೆದುಹಾಕಿಲ್ಲ. ಅದು ಇಬ್ಬರಿಗೂ ಇರಲಿ. ಲೋಹಿತ್ ಇದರ ಫೋಟೋ ತೆಗೆದು ಇವತ್ತೇ ನಿನ್ನ ಫೋನಿಗೆ ಕಳಿಸುತ್ತಾನೆ. ಹಾಗಾಗಿ ನನಗಿಂತ ಮೊದಲು ಹೇಳಲು ನಿನಗೆ ಮೂರು ದಿನ ಇದೆ.