ನಾಯಿಯ ಪಾಲು ಮೊದಲು

ಓದಾತೆ
ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಸುಮಿಎ ಅಕ್ಕನಿಗೆ,

ತೆತ್ಸು ಸುಧಾರಿಸಿಕೊಳ್ಳುತ್ತಿದ್ದಾನೆ ಎಂದಷ್ಟೇ ಬರೆದು ಈ ಪತ್ರವನ್ನು ಮುಗಿಸಿಬಿಡುವುದರಲ್ಲಿದ್ದೆ. ಅವನ ಕಾಯಿಲೆ ಬಂದದ್ದು ಅಮ್ಮ ಹಾಕಿದ ಊಟದಿಂದ ಎನ್ನುವುದನ್ನು ಬಿಟ್ಟಿದ್ದರೆ ನಿಮಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಇನ್ನೊಮ್ಮೆ ಹೀಗಾದರೆ ನಾಯಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಇನ್ನೊಂದು ಸಲ ಮೊನ್ನೆ ಆಗಿಯೇ ಹೋಗುತ್ತಿತ್ತು. ನಾನು ಅಮ್ಮನ ಮಣಿಕಟ್ಟು ಹಿಡಿದು ತಡೆದೆ.

ಕಳೆದ ಭಾನುವಾರ ನೀವು ಸೆಂದಾಯಿಯಿಂದ ಫೋನ್ ಮಾಡಿ ತೆತ್ಸುವಿನ ತೂಕ ಎಷ್ಟಾಯಿತು ಎಂದು ಕೇಳಿದಾಗ, ಚೆನ್ನಾಗಿ ಬೆಳೆಯುತ್ತಿದ್ದಾನೆ ಎಂದೆ. ಆಗ ಅವನು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ. ಅಮ್ಮ ನನ್ನ ಎದುರೇ ಕುಳಿತಿದ್ದರು. ಅವರ ಮುಖ ನೋಡಿ ಸುಳ್ಳು ಹೇಳಿದೆ.

ಮೊದಲಿನಿಂದ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಹೊಸ್ತಿಲು ದಾಟದೆ ಕುಳಿತಿದ್ದ ಅಮ್ಮನ ಮಡಿಲಿಗೆ ನೀವು ಈ ಅಕಿತಾ ಮರಿಯನ್ನು ತಂದು ಹಾಕಿದಿರಿ. ಅಂದಿನಿಂದ ಅವರು ಹಿಮದಲ್ಲೂ ನಡೆಯುತ್ತಾರೆ, ಅಕ್ಕಪಕ್ಕದವರೊಡನೆ ಜಗಳವನ್ನೂ ಆಡುತ್ತಾರೆ. ನಾಯಿ ದೊಡ್ಡದಾಗುತ್ತಾ ಬಂದ ಹಾಗೆ ನನಗೆ ಅವನ ಊಟದ ಚಿಂತೆ ಹಿಡಿಯಿತು. ಕೋಬೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು; ಏನೇ ಅನುಮಾನ ಬಂದರೂ ಇಂಗ್ಲಿಷಿನಲ್ಲಿ ಹುಡುಕಿ ಓದುವ ಚಟ. ದೊಡ್ಡ ತಳಿಯ ಮರಿ ನಿಧಾನವಾಗಿ ಬೆಳೆಯಬೇಕಂತೆ. ಬೇಗ ದಪ್ಪವಾದರೆ ಕೀಲುಗಳು ಕೆಡುತ್ತವೆ, ಎಲುಬು ಗಟ್ಟಿಯಾಗಲೆಂದು ಸುಣ್ಣದ ಅಂಶ ಹೆಚ್ಚು ಕೊಟ್ಟರೆ ಎಲುಬೇ ಸೊಟ್ಟಗಾಗುತ್ತದೆ. ಅಮ್ಮ ದಿನವೂ ಹಾಕುತ್ತಿದ್ದ ಹಿಡಿ ಒಣಮೀನು, ಮೇಲೆ ಉದುರಿಸುತ್ತಿದ್ದ ಎಲುಬಿನ ಪುಡಿ, ಎರಡನ್ನೂ ನಿಲ್ಲಿಸಿದೆ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಒಣ ಆಹಾರದ ಕಾಳು ತರಿಸಿ, ತಕ್ಕಡಿಯಲ್ಲಿಟ್ಟು ತೂಗಿ ಹಾಕತೊಡಗಿದೆ.

ಅಮ್ಮ ಸುಮ್ಮನಿರುತ್ತಾರೆಯೇ? ಮಗನ ಕಡೆ ತಿರುಗಿ, "ನಿಮ್ಮಪ್ಪ ಸಾಕಿದ ನಾಯಿಗಳು ಅನ್ನ ಮೀನು ತಿಂದು ಬಹುಮಾನ ತಂದ್ವು. ಇವಳು ನೋಡು, ಔಷಧಿ ಅಂಗಡಿಯವಳ ಥರ ತೂಗ್ತಾಳೆ. ನಾಯಿಗೂ ಇಂಗ್ಲಿಷ್ ಕಲಿಸ್ತೀಯೇನೇ?" ಎಂದರು. ನಿಮ್ಮ ತಮ್ಮ ಕಿಯೊಹಿಕೊ ನಕ್ಕುಬಿಟ್ಟ. ಕೊನೆಗೆ ರಾಜಿಯಾಯಿತು: ಬೆಳಗ್ಗೆ ನನ್ನ ಕಾಳು, ಸಂಜೆ ಅಮ್ಮನ ಅನ್ನ, ಬೇಯಿಸಿದ ಕೋಳಿ, ಉಪ್ಪಿಲ್ಲದ ಸಾರು. ಅದೂ ಒಳ್ಳೆಯ ಊಟವೇ ಎಂದು ಡಾಕ್ಟರ್ ಹತಕೆಯಾಮ ಒಪ್ಪಿದರು.

ಜನವರಿ ಕೊನೆಯಲ್ಲಿ ಒಂದು ಬೆಳಗ್ಗೆ ಹಿತ್ತಿಲ ಹಿಮದ ಮೇಲೆ ತೆತ್ಸು ಉಚ್ಚೆ ಹೊಯ್ದ ಜಾಗ ಕಡುಕೆಂಪಾಗಿತ್ತು. ಯಾರೋ ಅಲ್ಲಿ ಸೋಯಾ ರಸ ಚೆಲ್ಲಿದ್ದಾರೆ ಎಂದುಕೊಂಡೆ. ಅವನು ಮೆಟ್ಟಿಲು ಹತ್ತಲಾರದೆ ಅಲ್ಲೇ ಕುಳಿತ. ತುಟಿ ಎತ್ತಿ ನೋಡಿದರೆ ವಸಡು ಕಾಗದದ ಹಾಗೆ ಬಿಳಿ. ಅಷ್ಟು ದೊಡ್ಡ ಪ್ರಾಣಿಯನ್ನು ಕಂಬಳಿಯಲ್ಲಿ ಸುತ್ತಿ ಕಾರಿಗೆ ಹಾಕುವಾಗ ಅವನು ಗುರುಗುಟ್ಟಲೂ ಇಲ್ಲ. ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಈರುಳ್ಳಿ ಜಾತಿಯದ್ದು ಏನಾದ್ರೂ ತಿಂದ್ನಾ? ನೇಗಿ, ಬೆಳ್ಳುಳ್ಳಿ? ಈ ತಳಿಯ ರಕ್ತ ಅದನ್ನ ತಡ್ಕೊಳ್ಳಲ್ಲ." ಸಾಧ್ಯವೇ ಇಲ್ಲ ಎಂದೆ. ಅಮ್ಮ ನನಗಿಂತ ಗಟ್ಟಿಯಾಗಿ, "ನಲವತ್ತು ವರ್ಷ ನಾಯಿ ಸಾಕಿದೋಳಿಗೆ ಕೇಳೋ ಮಾತಾ ಇದು? ಇವಳ ಪೊಟ್ಟಣದ ಕಾಳು ನೋಡಿ ಮೊದಲು" ಎಂದರು. ನಾನು ಅದನ್ನು ನಂಬಿದೆ, ಅಕ್ಕ. ತಪ್ಪು ನನ್ನ ಓದಿನದ್ದೇ ಇರಬೇಕು ಎಂದುಕೊಂಡು ಇಡೀ ಪೊಟ್ಟಣವನ್ನು ಕಸಕ್ಕೆ ಹಾಕಿದೆ.

ನಮ್ಮ ಮನೆಯ ಪದ್ಧತಿ ನಿಮಗೆ ಹೇಳಬೇಕಿಲ್ಲ. ಕಿರಿತಾನ್ಪೊ ಮಾಡುವ ದಿನ ಕೋಳಿಯ ಸಾರು ಕುದಿದ ಕೂಡಲೇ ಒಂದು ಸೌಟು ನಾಯಿಗೆಂದು ತೆಗೆದಿಡಬೇಕು. ಆಮೇಲೆ ಸೋಯಾ ರಸ, ಆಮೇಲೆ ಅನ್ನದ ಕೋಲುಗಳು, ಸೊಪ್ಪು, ನೇಗಿ. ನಾನು ಸೊಸೆಯಾಗಿ ಬಂದ ಮೊದಲ ಚಳಿಗಾಲ ನೇಗಿಯನ್ನು ಮೊದಲೇ ಹಾಕಲು ಹೋಗಿ ಅಮ್ಮನಿಂದ ಕೈಮೇಲೆ ಪೆಟ್ಟು ತಿಂದಿದ್ದೆ. "ನಾಯಿಯ ಪಾಲು ಮೊದಲು. ಗಂಡಸರಿಗಿಂತಲೂ ಮೊದಲು" ಎಂದಿದ್ದರು.

ತೆತ್ಸು ಮನೆಗೆ ಬಂದ ಮೇಲೆ, ಅವನು ಬಂದ ಖುಷಿಗೆಂದು ಗುರುವಾರ ಅಮ್ಮ ಮತ್ತೆ ಕಿರಿತಾನ್ಪೊಗೆ ಇಟ್ಟರು. ನಾನು ಪಕ್ಕದಲ್ಲೇ ಅಣಬೆ ಬಿಡಿಸುತ್ತಿದ್ದೆ. ಅವರು ನೇಗಿ ಹೆಚ್ಚಿ ಪಾತ್ರೆಗೆ ಹಾಕಿದರು. ಸೋಯಾ ರಸ ಸುರಿದರು, ರುಚಿ ನೋಡಿದರು, ತಲೆದೂಗಿದರು. ಆಮೇಲೆ ತೆತ್ಸುವಿನ ಬೋಗುಣಿ ಎತ್ತಿಕೊಂಡು, ನೇಗಿಯ ತುಂಡುಗಳನ್ನು ಸೌಟಿನ ಹಿಂಬದಿಯಿಂದ ಜೋಪಾನವಾಗಿ ಸರಿಸಿ, ಸಾರನ್ನು ಅನ್ನದ ಮೇಲೆ ಹೊಯ್ದರು. ತುಂಡು ತೆಗೆದರೇನು? ವಿಷ ಇಳಿಯುವುದು ಸಾರಿಗೆ ಎಂದು ನನಗೆ ಹೇಳಿಕೊಟ್ಟವರೂ ಅವರೇ ಅಲ್ಲವೇ? ನಾಯಿ ಬಾಲ ಅಲ್ಲಾಡಿಸುತ್ತಾ ನಿಂತಿತ್ತು.

ನಾನು ಅವರ ಕೈ ಹಿಡಿದೆ. "ಅಮ್ಮಾ, ನೇಗಿ ಬಿದ್ದಿದೆ" ಎಂದೆ.

"ಗೊತ್ತು ಕಣೇ. ಇವನ ಪಾಲು ಆಗ್ಲೇ ತೆಗೆದಿದ್ದೀನಲ್ಲ."

"ಎಲ್ಲಿ?"

ಅವರು ಒಲೆಯ ಪಕ್ಕ ನೋಡಿದರು, ಕಪಾಟಿನ ಕಡೆ ನೋಡಿದರು, ತಮ್ಮ ಕೈಯಲ್ಲಿದ್ದ ಬೋಗುಣಿ ನೋಡಿದರು. ಆ ಮುಖವನ್ನು ನಾನು ಹೇಗೆ ಬರೆಯಲಿ? ಹೊಳೆಯ ಮೇಲಿನ ಹಿಮ ಗಟ್ಟಿಯಿದೆಯೆಂದು ನಡೆದವರಿಗೆ ಕಾಲಡಿಯಲ್ಲಿ ಸದ್ದು ಕೇಳಿದ ಹಾಗಿತ್ತು. ಮರುಗಳಿಗೆಯಲ್ಲೇ ಸಿಟ್ಟು ಬಂತು. ನಾನು ಬೋಗುಣಿಯನ್ನು ಮೋರಿಗೆ ಬಗ್ಗಿಸಿದಾಗ, "ಅನ್ನ ಚೆಲ್ಲೋ ಸೊಸೇನ ಎಲ್ಲಿಂದ ತಂದ್ನೋ ನನ್ನ ಮಗ!" ಎಂದು ಕೂಗಿದರು. ನನಗೆ ಆ ಬೈಗುಳ ಎಷ್ಟು ಹಿತವಾಯಿತೆಂದರೆ, ಇನ್ನೂ ಬಯ್ಯಲಿ ಎನಿಸಿತು. ಬೈಯುವಾಗ ಅವರು ಹಳೆಯ ಅಮ್ಮನೇ.

ಜನವರಿಯಲ್ಲಿ ಕಾಯಿಲೆಯಾದದ್ದೂ ನೇಗಿ ತಿಂದೇ ಎಂದು ಡಾಕ್ಟರು ಆಮೇಲೆ ಖಚಿತಪಡಿಸಿದರು. ಮನೆಯಲ್ಲಿ ನಾಯಿಗೆ ಅಪಾಯವಿದ್ದರೆ ತಳಿಗಾರರಿಗೇ ವಾಪಸು ಕೊಟ್ಟುಬಿಡೋಣ ಎಂದು ಕಿಯೊಹಿಕೊ ಪಟ್ಟು ಹಿಡಿದಿದ್ದಾನೆ. ಆವತ್ತು ನೇಗಿಯ ಸಾರು ಹಾಕಿದ್ದು ನಾನು, ಇನ್ನು ಮುಂದೆ ಹಾಗಾಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ. ನೀವೂ ಸದ್ಯಕ್ಕೆ ಹಾಗೆಯೇ ಇರಲು ಬಿಡಿ. ನಾಯಿ ಹೋದರೆ ಅಮ್ಮ ಮತ್ತೆ ಆ ಹೊಸ್ತಿಲ ಒಳಗೇ ಕುಳಿತುಬಿಡುತ್ತಾರೆ. ಈ ಸಲ ಎದ್ದು ಬರುವುದಿಲ್ಲ ಎಂಬ ಹೆದರಿಕೆ ನನಗೆ. ನಾಯಿ ಇದ್ದರೆ ನನಗೆ ನೆಮ್ಮದಿಯಿಲ್ಲ; ದಿನವೂ ಸಂಜೆ ಅಡುಗೆಮನೆಯಲ್ಲಿ ಸೌಟಿನ ಸದ್ದಾದರೆ ಸಾಕು, ಓಡುತ್ತೇನೆ. ಸ್ನಾನ ಮಾಡುತ್ತಿದ್ದರೂ ಕಿವಿ ಅಲ್ಲೇ ಇರುತ್ತದೆ. ಒಣದ್ರಾಕ್ಷಿ, ಚಾಕೊಲೇಟು, ಎಲ್ಲವನ್ನೂ ಎತ್ತರದ ಕಪಾಟಿಗೆ ಸಾಗಿಸಿದ್ದೇನೆ. ನಾನು ಅವನ ಊಟವನ್ನು ಕಾಯುತ್ತಿದ್ದೇನೆಯೇ, ಅಮ್ಮನನ್ನು ಕಾವಲು ಕಾಯುತ್ತಿದ್ದೇನೆಯೇ? ಸೊಸೆ ಹೀಗೆ ಮಾಡುವುದು ನ್ಯಾಯವೇ ಎಂದು ನನಗೇ ತಿಳಿಯುತ್ತಿಲ್ಲ.

ಮರೆವಿನ ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಹೇಳಿದರೆ ಅದು ಅವಮಾನ. ನೀವು ಹೇಳಿದರೆ ಬರಬಹುದು. ಒಮ್ಮೆ ಬನ್ನಿ, ಅಕ್ಕ. ತೆತ್ಸುವನ್ನು ನೋಡಲೆಂದು ಬಂದ ಹಾಗೆ ಬನ್ನಿ. ಈಗ ಅಮ್ಮ ಬೆಚ್ಚನೆಯ ಮೇಜಿನಡಿ ಕಾಲು ಚಾಚಿ ಮಲಗಿದ್ದಾರೆ, ಅವನು ಅವರ ಬೆನ್ನಿಗೆ ಬೆನ್ನು ಕೊಟ್ಟಿದ್ದಾನೆ. ಇಬ್ಬರ ಉಸಿರನ್ನೂ ಎಣಿಸುತ್ತಾ ಬರೆಯುತ್ತಿದ್ದೇನೆ.

ನಿಮ್ಮ
ಚಿಗುಸಾ

ಮತ್ತೊಂದು ಮಾತು:
ಪತ್ರ ಮಡಚುವಾಗ ಅಮ್ಮ ಎದ್ದು ಬಂದರು. "ಸುಮಿಎಗಾ?" ಎಂದರು. ಹೌದೆಂದೆ. "ಸಾರಿನ ವಿಷಯಾನೂ ಬರ್ದೆಯಾ?" ನನಗೆ ಸುಳ್ಳು ಹೇಳಲು ಆಗಲಿಲ್ಲ. ಅವರು ನನ್ನ ಪಕ್ಕ ಕುಳಿತು ತುಂಬ ಹೊತ್ತು ತೆತ್ಸುವಿನ ಕಿವಿ ಸವರಿದರು.

"ಅಕ್ಕಿ ನೆನೆಹಾಕಿದ್ದು ಮರೀತಿದೀನಿ ಅಂತ ಶರತ್ಕಾಲದಲ್ಲೇ ಗೊತ್ತಾಗಿತ್ತು ಕಣೇ. ಅದಕ್ಕೇ ನಿಮಗೆಲ್ಲ ದಿನಾ ಅಡುಗೆ ಮಾಡೋದನ್ನ ಬೆನ್ನುನೋವು ಅಂತ ನಿನಗೆ ಬಿಟ್ಟೆ. ನಾಯಿ ದೂರು ಹೇಳಲ್ಲ ನೋಡು, ಇವನ ಊಟ ಮಾತ್ರ ಇಟ್ಕೊಂಡೆ. ಪಾಪ, ಇವನು ಕಾಯಿಲೆ ಬಿದ್ದಾಗ್ಲೂ ದೂರು ಹೇಳ್ಲೇ ಇಲ್ಲ" ಎಂದರು.

ಶನಿವಾರ ಡಾಕ್ಟರು ಮತ್ತೆ ರಕ್ತ ನೋಡುತ್ತಾರೆ. "ಕೆಡಿಸಿದ್ದು ನಾನು. ಸರಿಯಾಯ್ತು ಅಂತ ಕೇಳೋತನಕ ನಾನೇ ಹಾಕ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಪ್ರತಿ ಸೌಟೂ ನೋಡು. ಶನಿವಾರ ಬಂದ ಮೇಲೆ ಸೌಟು ನಿಂದು, ಪತ್ರಾನೂ ಆವತ್ತೇ ಹಾಕು" ಎಂದು ಕೇಳಿದರು. ಒಪ್ಪಿದ್ದೇನೆ. ಒಪ್ಪಬಾರದಿತ್ತೇನೋ. ಅಲ್ಲಿಯತನಕ ಇದನ್ನು ನಿಮಗೆ ಕಳಿಸುವಂತಿಲ್ಲ.

ಅಂಚೆಗೆ ಹಾಕುವುದು: ಫೆಬ್ರವರಿ ೧೭, ಶನಿವಾರ.