ಕೂಸಿಗೆ ಕೂಡಿಟ್ಟ ಬೆಳಕು

ಲೊಕ್ಕನಹಳ್ಳಿ
೧೨-೨-೨೦೦೨

ಪ್ರೀತಿಯ ಆಶಾ,

ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದು ನಿಮ್ಮಣ್ಣ ಹೇಳಿದರು. ನೀನು ಹೆರಿಗೆಗೆ ಯಳಂದೂರಿಗೆ ಹೋದ ಮೇಲೆ ನಮ್ಮ ಮನೆಗೆ ಸೋಲಾರ್ ದೀಪ ಹಾಕಿದರು. ಹಾಕಿದ ದುಡ್ಡಿಗೆ ತಕ್ಕ ಪ್ರಯೋಜನ ಇದೆಯೇ, ಸೀಮೆಎಣ್ಣೆ ಎಷ್ಟು ಉಳಿಯಿತು ಎಂದು ಕೇಳಲು ನಿನ್ನೆ ದೀಪ ಹಾಕಿಸಿದ ಆಫೀಸಿನವರು ಬಂದಿದ್ದರು. ಏನೂ ಉಳಿದಿಲ್ಲ. ಅವ್ವ ಒಂದು ದಿನವೂ ದೀಪ ಹಚ್ಚಲು ಬಿಟ್ಟಿಲ್ಲ. ಹಗೇವಿಗೆ ರಾಗಿ ತುಂಬಿದ ಹಾಗೆ ಬ್ಯಾಟರಿಗೆ ಬೆಳಕು ತುಂಬಿಸುತ್ತಿದ್ದಳು, ಮೊಮ್ಮಗುವಿಗೆಂದು.

ಬ್ಯಾಟರಿ ಒಮ್ಮೆ ತುಂಬಿದರೆ ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂದು ಅವರು ಬಿಡಿಸಿ ಹೇಳಿ, ಫಾರಮ್ಮಿನಲ್ಲಿ ಪ್ರಯೋಜನವಿಲ್ಲವೆಂದು ಬರೆಯಲು ಹೊರಟರು. ಅವ್ವ ಕೈ ಅಡ್ಡ ಇಟ್ಟಳು.

“ಈಗ್ಲೇ ಬರೀಬೇಡಿ ಸಾ. ಕೂಸು ಬರ್ಲಿ, ಆ ಬೆಳಕಲ್ಲಿ ಅದ್ರ ಮೊಕ ನೋಡ್ಬುಟ್ಟು ಏಳ್ತೀನಿ.”

ಅವರು ಆ ಜಾಗ ಖಾಲಿ ಬಿಟ್ಟು ಹೋಗಿದ್ದಾರೆ, ಮುಂದಿನ ತಿಂಗಳು ಬರುತ್ತಾರೆ. ಅಷ್ಟರಲ್ಲಿ ನೀವಿಬ್ಬರೂ ಬನ್ನಿ. ಬಸ್ಸಿನಲ್ಲಿ ಗಾಳಿ ಹೊಡೆಯುತ್ತದೆ, ಕೂಸಿಗೆ ಕುಲಾವಿ ಕಟ್ಟು.

ನಿನ್ನ
ರಂಗರಾಜು