ನೀರನ್ನು ಬಲಕ್ಕಿಟ್ಟುಕೊಂಡು

ಹೂಟಗಳ್ಳಿ, ಮೈಸೂರು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮೌಳಿಯವರಿಗೆ,

ಕೆಮ್ಮು ಹೇಗಿದೆ? ಬೀದರಿನಲ್ಲಿ ಚಳಿ ಏರಿರಬೇಕು. ಮಫ್ಲರ್ ಇನ್ನೂ ಸೂಟ್‌ಕೇಸಿನಲ್ಲೇ ಇದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಎಷ್ಟು ಚೆನ್ನಾಗಿ ಎಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ "ಓಹೋ, ಸರಿ" ಎಂದು ಮುಗಿಸಿಬಿಡುತ್ತೀರಿ.

ಮಂಡಿ ಆಪರೇಷನ್ ಆದಮೇಲೆ ನಿಮ್ಮ ತಾಯಿ ಗೇಟು ದಾಟಿರಲಿಲ್ಲವಲ್ಲ. ಮನೆಯೊಳಗೆ ಓಡಾಟ ಸಲೀಸು, ಹೊರಗೆಂದರೆ "ಬಿದ್ರೆ ಏನ್ ಗತಿ ಮಂಗಳಾ?" ಮೊಮ್ಮಗಳು ಧನುಶ್ರೀಯ ಮದುವೆಗೆ ಗಾಲಿಕುರ್ಚಿಯಲ್ಲಿ ಕರೆದೊಯ್ಯೋಣ ಎಂದು ನೀವು ಹೇಳಿದ ದಿನದಿಂದ ಮಾತೂ ಕಡಿಮೆಯಾಗಿತ್ತು. ಮದುವೆಗೇ ಬರುವುದಿಲ್ಲ ಎಂದು ನಿನ್ನೆ ಅಂದೂಬಿಟ್ಟರು. ಅದಕ್ಕೇ ಇವತ್ತು ಬೆಳಿಗ್ಗೆ ಅವರ ಪೂಜೆ ಮುಗಿಯುವುದನ್ನೇ ಕಾದು, ಕೆರೆ ಪಾರ್ಕಿನ ಮೊದಲ ಬೆಂಚಿನವರೆಗೆ ಮಾತ್ರ ಹೋಗಿ ಬರೋಣ ಎಂದು ಪುಸಲಾಯಿಸಿ ಆಟೋ ಹತ್ತಿಸಿದೆ.

ಅಲ್ಲಿ ನಡೆಯುವವರಿಗೆ ಕಲ್ಲುಹಾಸಿನ ದಾರಿ, ಓಡುವವರಿಗೆ ಪಕ್ಕದಲ್ಲೇ ಮಣ್ಣಿನ ದಾರಿ. ಒಳಗೆ ಬಂದವರೆಲ್ಲ ಬಲಕ್ಕೆ ತಿರುಗುತ್ತಾರೆ. ಅತ್ತೆ ಎಡಕ್ಕೆ ತಿರುಗಿದರು. ಪ್ರದಕ್ಷಿಣೆ ಎಂದಮೇಲೆ ನೀರು ಬಲಕ್ಕಿರಬೇಕಲ್ಲ! ಇಡೀ ಹೂಟಗಳ್ಳಿ ನಮ್ಮ ಎದುರಿಗೆ ಬಂತು. ಮಂಕಿ ಕ್ಯಾಪ್ ಹಾಕಿದ್ದ ಒಬ್ಬರು, "ಅಮ್ಮಾ, ಉಲ್ಟಾ ಬಂದ್ಬುಟ್ರಲ್ಲ!" ಎಂದರು. "ಉಲ್ಟಾ ನಿಮ್ದು ಕಣಪ್ಪ. ದೇವಸ್ಥಾನದಲ್ಲೂ ಹಿಂಗೇ ಸುತ್ತುತೀಯಾ?" ಎಂದರು ಅತ್ತೆ. ಎಷ್ಟು ದಿನವಾಗಿತ್ತು ಆ ದನಿ ಕೇಳಿ!

ಬೆಂಚಿನಲ್ಲಿ ಸ್ವಲ್ಪ ಕೂತು, "ಸಾಕು, ವಾಪಸ್ ಹೋಗೋಣ" ಎಂದೆ. ಅತ್ತೆ ಎದ್ದು ನೀರು ನೋಡಿದರು. "ವಾಪಸ್ ಹೋದ್ರೆ ನೀರು ಎಡಕ್ಕೆ ಬರಲ್ವೇನೇ? ಸುತ್ತು ಶುರು ಮಾಡಿ ಹಿಂದಕ್ಕೆ ತಿರುಗೋದಾ? ನಡಿ ನಡಿ."

ಇದು ನನಗೆ ಹೊಳೆದೇ ಇರಲಿಲ್ಲ. ಒಳಗೆ ಆಟೋ ಬಿಡುವುದಿಲ್ಲ. ಆಚೆ ದಂಡೆಯಲ್ಲಿ ಅವರ ಕಾಲು ನಡುಗಿತು. ಕಂಬಿ ಹಿಡಿದು ನಿಂತುಬಿಟ್ಟರು. ನಿಮಗೇನು ಉತ್ತರ ಹೇಳಲಿ ಎಂಬ ಚಿಂತೆ ನನಗೆ. ಅಷ್ಟರಲ್ಲಿ ಮೊದಲು ಎದುರಾದವರೇ ಎರಡನೇ ಸುತ್ತಿಗೆ ಮತ್ತೆ ಎದುರಾದರು. "ಬನ್ನಿ ಅಜ್ಜಿ, ಗೇಟು ಇನ್ನೇನು ಇಲ್ಲೇ!" ಓಡುತ್ತಿದ್ದ ಹುಡುಗಿಯೊಬ್ಬಳು ಕೈ ಚಾಚಿದಳು, ಅತ್ತೆ ಕಂಬಿ ಬಿಟ್ಟು ಅವಳ ಅಂಗೈಗೆ ಅಂಗೈ ತಟ್ಟಿದರು. ಯಾರು ಕಲಿಸಿದರೋ! ಬಿಟ್ಟ ಕಂಬಿಯನ್ನು ಮತ್ತೆ ಹಿಡಿಯಲಿಲ್ಲ. ಕೊನೆಗೆ ಮಂಕಿ ಕ್ಯಾಪಿನವರೂ ತಿರುಗಿ, ನೀರನ್ನು ಬಲಕ್ಕಿಟ್ಟುಕೊಂಡು ನಮ್ಮ ಜೊತೆಗೇ ಹೆಜ್ಜೆ ಹಾಕಿದರು.

ಸುತ್ತು ಮುಗಿಸಿ ಅತ್ತೆ ಕೆರೆಗೆ ಕೈಮುಗಿದರು. ಇಷ್ಟು ಕವಿತೆ ಓದುವವಳಿಗೆ ಆ ಮುಖಕ್ಕೊಂದು ಹೋಲಿಕೆ ಸಿಗಬೇಕಿತ್ತು. ಸಿಗಲಿಲ್ಲ. ನೀವೇ ಬಂದು ನೋಡಿ.

ಅತ್ತೆಯ ಆಶೀರ್ವಾದಗಳು. ಬಿಸಿನೀರು ಕುಡಿಯುವುದನ್ನು ಮರೆಯಬೇಡಿ.

ನಿಮ್ಮ,
ಸರ್ವಮಂಗಳಾ

ತಾ.ಕ.: ಬರುವಾಗ ಗಾಲಿಕುರ್ಚಿ ತರಬೇಡಿ. ಆಗಲೇ ಕೊಂಡಿದ್ದರೆ ಮದುವೆಯಲ್ಲಿ ಅದರಲ್ಲಿ ನೀವೇ ಕೂರಬೇಕಂತೆ. ತಳ್ಳುವುದಕ್ಕೆ ಅತ್ತೆ ತಯಾರಾಗಿದ್ದಾರೆ.